ನೆರೆಮನೆಯ ನೀರಿಗೂ ಹಾದಿಯುಂಟು

2015ರ ಡಿಸೆಂಬರಿನ ಮಹಾಮಳೆಯಲ್ಲಿ ಚೆನ್ನೈನ ವೇಳಚ್ಚೇರಿ ಮುಳುಗಿದ ಮೇಲೆ ನಮ್ಮಲ್ಲಿ ಅನೇಕರು ನಿವೇಶನಕ್ಕೆ ಮಣ್ಣು ತುಂಬಿ ಎತ್ತರಿಸಿಕೊಂಡೆವು. ನಾನೂ ಹಾಗೆಯೇ ಮಾಡಿದೆ. ನೆರೆಮನೆಯ ಮಳೆನೀರು ನನ್ನ ಹಿತ್ತಲ ಮೂಲಕ ಹರಿಯುತ್ತಿದ್ದ ಹಾದಿ ಮುಚ್ಚಿಹೋಯಿತು.

'ನನ್ನ ನೆಲ, ನನ್ನ ಗೋಡೆ' ಎಂಬ ವಾದ ನಿಲ್ಲುವಂಥದಲ್ಲ. ಮೇಲುನೆಲದಲ್ಲಿ ಬಿದ್ದ ನೀರು ಸಹಜವಾಗಿ ಹರಿದುಬರಲು ಕೆಳನೆಲದವನು ಎಡೆಗೊಡಬೇಕೆಂಬುದು 1882ರ ಈಸ್‌ಮೆಂಟ್ ಕಾಯಿದೆಯ 7ನೆಯ ಕಲಮಿನಲ್ಲಿದೆ. ಆ ಕಾಯಿದೆ ಮೊದಲಿಗೆ ಅನ್ವಯವಾದದ್ದು ಮದರಾಸು, ಮಧ್ಯಪ್ರಾಂತ ಹಾಗೂ ನಮ್ಮ ಕೊಡಗಿಗೆ. ಬಚ್ಚಲ ನೀರಿಗೆ ಈ ಸಹಜ ಹಕ್ಕಿಲ್ಲ, ಮಳೆನೀರಿಗುಂಟು.

ಹೊರನಾಡಿನಲ್ಲಿ ನಮ್ಮ ನುಡಿಗೆ ಎಡೆ ಕೇಳುವ ನಾವು ನೆರೆಯವರ ನೀರಿಗೆ ಎಡೆ ಕೊಡದಿರುವುದು ಯಾವ ನ್ಯಾಯ? ಹಿಂಗಾರಿಗೆ ಮುನ್ನ ಗೋಡೆಯ ಬುಡ ಒಡೆಸಿ ತೂಬು ಇಡಿಸುತ್ತಿದ್ದೇನೆ. ತಡವಾಯಿತೆಂಬ ಲಜ್ಜೆ ನನ್ನದು. ಓದುಗ ಮಿತ್ರರೂ ತಮ್ಮ ಗೋಡೆಯತ್ತ ಒಮ್ಮೆ ನೋಡಲಿ.