ಮಗಳ ಕಾಲೇಜು, ಮನೆಯ ಲೆಕ್ಕ

ಕಳೆದ ವಾರ ಬಂದ ಕಾಗದಗಳಲ್ಲಿ ಒಂದು, ನೋಟುಪುಸ್ತಕದಿಂದ ಹರಿದ ಹಾಳೆಯ ಎರಡೂ ಬದಿಗಳಲ್ಲಿ ಒತ್ತಾಗಿ ಬರೆದದ್ದಾಗಿತ್ತು. ಬರೆದವರು ಬೆಂಗಳೂರಿನ ಗೃಹಿಣಿಯೊಬ್ಬರು. ಹೆಸರನ್ನು ಪ್ರಕಟಿಸಬಾರದೆಂದು ಕೇಳಿಕೊಂಡಿದ್ದಾರೆ. ಪ್ರಕಟಿಸುವ ಅಗತ್ಯವೂ ಇಲ್ಲ. ಅವರ ಮನೆಯ ಕಥೆ ನಮ್ಮ ನಿಮ್ಮ ಬೀದಿಯ ಹಲವು ಮನೆಗಳ ಕಥೆಯೇ ಆಗಿದೆ.

ಅವರ ಯಜಮಾನರು ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದಾರೆ. ವರ್ಷಕ್ಕೆ ಆರೂವರೆ ಲಕ್ಷ ರೂಪಾಯಿ ವರಮಾನ. ಒಬ್ಬಳೇ ಮಗಳು ಈ ವರ್ಷ ಸಿ.ಇ.ಟಿ. ಮೂಲಕ ಇಂಜಿನಿಯರಿಂಗ್ ಕಾಲೇಜು ಸೇರಿದ್ದಾಳೆ. ಫೀಸಿನ ಮಾತು ಬಂದಾಗಲೆಲ್ಲ ತಂದೆ, “ದುಡ್ಡಿನ ಯೋಚನೆ ನಿನಗೇಕೆ? ನೀನು ಓದು, ಉಳಿದದ್ದು ನನ್ನ ಪಾಲಿಗಿರಲಿ” ಎಂದು ನಗುತ್ತಿದ್ದರಂತೆ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕೋಣವೆಂದು ತಾಯಿ ಹೇಳಿದರೆ, “ಅದೆಲ್ಲ ಗತಿಯಿಲ್ಲದವರಿಗೆ, ನಾವು ಇನ್ನೊಬ್ಬರ ಮುಂದೆ ಕೈಚಾಚಿದವರಲ್ಲ” ಎಂದು ಬಾಯಿ ಮುಚ್ಚಿಸಿದರಂತೆ. ಹೋದ ತಿಂಗಳು ಮಗಳು ಅಂಕಪಟ್ಟಿಗಾಗಿ ಬೀರುವನ್ನು ಹುಡುಕುತ್ತಿದ್ದಾಗ ಅವಳ ಕೈಗೆ ಸಿಕ್ಕಿದ್ದು ಅಮ್ಮನ ನಾಲ್ಕು ಬಳೆಗಳ ಅಡವಿನ ಚೀಟಿ. ಅಂದಿನಿಂದ ಅವಳು ಕಾಲೇಜಿನಲ್ಲಿ ಮಧ್ಯಾಹ್ನದ ಊಟ ಮಾಡುತ್ತಿಲ್ಲ. “ಓದು ಬಿಟ್ಟು ಎಲ್ಲಾದರೂ ಕೆಲಸಕ್ಕೆ ಸೇರುತ್ತೇನೆ” ಎನ್ನುತ್ತಿದ್ದಾಳೆ. ತಂದೆ ಮಗಳ ನಡುವೆ ಮಾತು ನಿಂತಿದೆ. “ಬಳೆ ಹೋದದ್ದಕ್ಕೆ ನನಗೆ ದುಃಖವಿಲ್ಲ, ಮನೆಯ ಮಾತು ಹೋದದ್ದಕ್ಕೆ ದುಃಖ. ನಾನೇನು ಮಾಡಲಿ?” ಎಂದು ಆ ತಾಯಿ ಕೇಳಿದ್ದಾರೆ.

ಈ ಪ್ರಶ್ನೆಗೆ ಉತ್ತರಿಸುವ ಮೊದಲು ಆ ತಂದೆಯವರಿಗೆ ಒಂದು ಮಾತು ಹೇಳಬೇಕಾಗಿದೆ. ಓದಿಗಾಗಿ ನೆರವು ಪಡೆಯುವುದನ್ನು ನಮ್ಮ ಹಿರಿಯರು ಎಂದೂ ಅಪಮಾನವೆಂದು ಎಣಿಸಿರಲಿಲ್ಲ. ನನ್ನ ಅಜ್ಜ ಮೈಸೂರಿನಲ್ಲಿ ವಾರಾನ್ನ ಮಾಡಿಕೊಂಡು ಓದಿದವರು. ವಾರದ ಏಳು ದಿನಕ್ಕೆ ಏಳು ಮನೆಗಳು. ಗುರುವಾರದ ಮನೆಯವರು ತೀರ ಬಡವರು. ಅಲ್ಲಿ ಗಂಜಿ, ಉಪ್ಪಿನಕಾಯಿಗಿಂತ ಹೆಚ್ಚಿನದೇನೂ ಇರುತ್ತಿರಲಿಲ್ಲ. ಆದರೂ ಆ ಮನೆಯನ್ನು ಒಂದು ವಾರವೂ ತಪ್ಪಿಸಲಿಲ್ಲವೆಂದು ಅಜ್ಜ ಕೊನೆಯವರೆಗೂ ಅಭಿಮಾನದಿಂದ ಹೇಳಿಕೊಳ್ಳುತ್ತಿದ್ದರು. ವಾರಾನ್ನದ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಲಿಲ್ಲವೆಂಬುದೂ ಸತ್ಯ. ಆದ್ದರಿಂದಲೇ ಮಠಗಳು, ಸಂಘಗಳು, ಆಮೇಲೆ ಸರ್ಕಾರ ಉಚಿತ ವಿದ್ಯಾರ್ಥಿನಿಲಯಗಳನ್ನು ತೆರೆಯಬೇಕಾಯಿತು.

ಇನ್ನೂ ದೊಡ್ಡ ಉದಾಹರಣೆ ಬೇಕೇ? ಡಾಕ್ಟರ್ ಅಂಬೇಡ್ಕರರು 1913ರಲ್ಲಿ ಅಮೆರಿಕೆಯ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದದ್ದು ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು ಕೊಟ್ಟ ವಿದ್ಯಾರ್ಥಿವೇತನದ ಬಲದಿಂದ. ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷದ ಅವಧಿ. ಹಿಂದಿರುಗಿದ ಮೇಲೆ ಹತ್ತು ವರ್ಷ ಬರೋಡ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರಿಗೂ ಅವರು ಸಹಿ ಹಾಕಿದ್ದರು. ಇದರಿಂದ ನಾವು ಕಲಿಯಬೇಕಾದ ಪಾಠಗಳು ಎರಡು: ನೆರವು ಪಡೆಯುವುದರಲ್ಲಿ ಕೀಳುತನವಿಲ್ಲ, ಆದರೆ ಪಡೆಯುವ ಮೊದಲು ಕರಾರನ್ನು ಓದಿಕೊಳ್ಳಬೇಕು.

ಈಗ ವಿಷಯಕ್ಕೆ ಬರೋಣ. ಕಾಲೇಜಿನ ಓದಿಗೆ ದೊರೆಯುವ ನೆರವು ಮೂರು ವಿಧ. ಕೈಗೆ ಬಂದು ಹಿಂದಿರುಗಿಸಬೇಕಿಲ್ಲದ್ದು ವಿದ್ಯಾರ್ಥಿವೇತನ. ಕೈಗೆ ಬಾರದಿದ್ದರೂ ನಮ್ಮ ಕೈಯಿಂದ ಹೋಗದಂತೆ ಮಾಡುವುದು ಶುಲ್ಕ ವಿನಾಯಿತಿ. ಬಂದದ್ದಕ್ಕಿಂತ ಹೆಚ್ಚಾಗಿ ಹಿಂದಿರುಗಿಸಬೇಕಾದದ್ದು ಸಾಲ. ಇವುಗಳನ್ನು ಇದೇ ಕ್ರಮದಲ್ಲಿ ಹುಡುಕಬೇಕು. ನಮ್ಮಲ್ಲಿ ಬಹಳ ಮಂದಿ ಮಾಡುವುದು ತಿರುಗುಮುರುಗು: ಮೊದಲು ಸಾಲ, ಆಮೇಲೆ ಪರಿತಾಪ.

ಶುಲ್ಕ ವಿನಾಯಿತಿಯ ವಿಷಯವನ್ನು ಮಧ್ಯಮವರ್ಗದವರು ವಿಶೇಷವಾಗಿ ತಿಳಿದಿರಬೇಕು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ ಯೋಜನೆಯಂತೆ ತಾಂತ್ರಿಕ ಕಾಲೇಜುಗಳಲ್ಲಿ ಮಂಜೂರಾದ ಸೀಟುಗಳ ಶೇಕಡಾ 5ರಷ್ಟು ಹೆಚ್ಚುವರಿ ಸೀಟುಗಳಿಗೆ ಬೋಧನಾ ಶುಲ್ಕವಿಲ್ಲ. ನಮ್ಮ ರಾಜ್ಯದಲ್ಲಿ ಇದನ್ನು ಎಸ್.ಎನ್.ಕ್ಯೂ. ಎಂದು ಕರೆಯುತ್ತಾರೆ. ತಂದೆತಾಯಿಗಳ ಎಲ್ಲ ಮೂಲದ ವಾರ್ಷಿಕ ವರಮಾನ 8 ಲಕ್ಷ ರೂಪಾಯಿಗಿಂತ ಕಡಮೆಯಿರಬೇಕು. ಆಯ್ಕೆ ರ‍್ಯಾಂಕಿನ ಮೇಲೆ. ಎಂಟು ಲಕ್ಷವೆಂದರೆ ಗತಿಯಿಲ್ಲದವರ ವರಮಾನವೇ? ಆರೂವರೆ ಲಕ್ಷದ ನಮ್ಮ ಲೆಕ್ಕಪತ್ರದ ಮಹಾಶಯರು ಸಹಜವಾಗಿಯೇ ಕೇಳಬಹುದಾಗಿದ್ದ ಸೀಟು ಅದು. ಆದರೆ ಇದನ್ನು ಪ್ರವೇಶದ ಪ್ರಕ್ರಿಯೆ ನಡೆಯುತ್ತಿರುವಾಗಲೇ ಕೋರಿಕೊಳ್ಳಬೇಕು. ಪ್ರವೇಶ ಮುಗಿದ ಮೇಲೆ ಕೇಳಿ ಫಲವಿಲ್ಲ. ವಿನಾಯಿತಿ ಬೋಧನಾ ಶುಲ್ಕಕ್ಕೆ ಮಾತ್ರ ಎಂಬುದೂ ನೆನಪಿರಲಿ. ಉಳಿದ ಶುಲ್ಕಗಳನ್ನು ಕಟ್ಟಲೇಬೇಕು.

ವಿದ್ಯಾರ್ಥಿವೇತನಗಳಿಗೆ ಮುಖ್ಯವಾಗಿ ಎರಡು ಬಾಗಿಲುಗಳು: ಕೇಂದ್ರದ ರಾಷ್ಟ್ರೀಯ ವಿದ್ಯಾರ್ಥಿವೇತನ ತಾಣ, ಮತ್ತು ಎಸ್.ಎಸ್.ಪಿ. ಎಂದು ಮಕ್ಕಳು ಕರೆಯುವ ನಮ್ಮ ರಾಜ್ಯದ ತಾಣ. ದ್ವಿತೀಯ ಪಿ.ಯು.ಸಿ.ಯಲ್ಲಿ ತಮ್ಮ ಮಂಡಳಿಯ ಮೇಲಿನ ಶೇಕಡಾ 20ರ ಗುಂಪಿನಲ್ಲಿ ತೇರ್ಗಡೆಯಾದ, ಕುಟುಂಬದ ವರಮಾನ ನಾಲ್ಕೂವರೆ ಲಕ್ಷ ಮೀರದ ವಿದ್ಯಾರ್ಥಿಗಳಿಗೆ ಕೇಂದ್ರದ ಯೋಜನೆಯೊಂದು ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ ಕೊಡುತ್ತದೆ. ಬಿ.ಎ., ಬಿ.ಕಾಂ. ಓದುವವರಿಗೂ ಇದು ಸಲ್ಲುತ್ತದೆ. ತಾಂತ್ರಿಕ ಶಿಕ್ಷಣಕ್ಕೆ ಸೇರಿದ ಹೆಣ್ಣುಮಕ್ಕಳಿಗಾಗಿ ‘ಪ್ರಗತಿ’ ಎಂಬ ವೇತನವಿದೆ: ವರ್ಷಕ್ಕೆ 50,000 ರೂಪಾಯಿ, ವರಮಾನದ ಮಿತಿ 8 ಲಕ್ಷ, ಒಂದು ಕುಟುಂಬದಲ್ಲಿ ಇಬ್ಬರು ಹೆಣ್ಣುಮಕ್ಕಳವರೆಗೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವೇತನ 1944ರಷ್ಟು ಹಿಂದೆಯೇ ಆರಂಭವಾಯಿತು. ಹಿಂದುಳಿದ ವರ್ಗಗಳ ಮಕ್ಕಳಿಗೆ ವಿದ್ಯಾರ್ಥಿನಿಲಯ ದೊರೆಯದಿದ್ದಲ್ಲಿ ಊಟ ವಸತಿಗೆ ನೆರವಾಗಲು ರಾಜ್ಯದ ‘ವಿದ್ಯಾಸಿರಿ’ ಯೋಜನೆಯಿದೆ. ರೈತರ ಮಕ್ಕಳಿಗಾಗಿ 2021ರಲ್ಲಿ ‘ರೈತ ವಿದ್ಯಾನಿಧಿ’ ಆರಂಭವಾಯಿತು. ಮೊತ್ತ, ಮಿತಿಗಳು ಬದಲಾಗುತ್ತಿರುವುದರಿಂದ ಆಯಾ ವರ್ಷದ ಪ್ರಕಟಣೆಯನ್ನು ನೋಡಿಯೇ ಮುಂದುವರಿಯಬೇಕು. ಒಂದು ವೇತನ ಪಡೆಯುವವರು ಇನ್ನೊಂದನ್ನು ಪಡೆಯುವಂತಿಲ್ಲವೆಂಬ ನಿಯಮವೂ ಹಲವು ಯೋಜನೆಗಳಿಗುಂಟು.

ಈ ಎಲ್ಲ ಬಾಗಿಲುಗಳ ಬೀಗದ ಕೈ ಒಂದು ಸಾಮಾನ್ಯ ಕಾಗದ: ನಾಡಕಚೇರಿಯಿಂದ ದೊರೆಯುವ ಆದಾಯ ಪ್ರಮಾಣಪತ್ರ. ಮಗ ಅಥವಾ ಮಗಳು ದ್ವಿತೀಯ ಪಿ.ಯು.ಸಿ.ಗೆ ಕಾಲಿಟ್ಟ ಕೂಡಲೇ ಇದನ್ನು ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು. ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಊರಿಗೆ ಊರೇ ಅಲ್ಲಿ ಸಾಲು ನಿಲ್ಲುತ್ತದೆ. ಎರಡನೆಯದು, ವಿದ್ಯಾರ್ಥಿಯ ಹೆಸರಿನ ಬ್ಯಾಂಕು ಖಾತೆ. ಅದು ಆಧಾರ್‌ಗೆ ಜೋಡಣೆಯಾಗಿರಬೇಕು. ಅಂಕಪಟ್ಟಿಯಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು ಬಗೆಯಾಗಿ ಹೆಸರಿನ ಅಕ್ಷರ ಬದಲಾಗಿದ್ದರೆ ಮೊದಲೇ ಸರಿಪಡಿಸಿಕೊಳ್ಳಬೇಕು; ಒಂದು ಇನಿಷಿಯಲ್ಲಿನ ದೆಸೆಯಿಂದ ವರ್ಷದ ಹಣ ತಡೆದುಹೋಗುವುದುಂಟು. ವೇತನ ಕೊಡಿಸುತ್ತೇವೆಂದು ಮುಂಗಡ ಹಣವನ್ನೋ, ಮೊಬೈಲಿಗೆ ಬಂದ ಗುಪ್ತ ಸಂಖ್ಯೆಯನ್ನೋ ಕೇಳುವ ದಲ್ಲಾಳಿಗಳನ್ನು ಮನೆಯ ಮೆಟ್ಟಿಲು ಹತ್ತಗೊಡಬೇಡಿ. ಸರ್ಕಾರದ ತಾಣದಲ್ಲಿ ಅರ್ಜಿ ಹಾಕಲು ಶುಲ್ಕವಿಲ್ಲ.

ವೇತನ ಮಂಜೂರಾದರೂ ಹಣ ಬರುವುದು ಸಾಮಾನ್ಯವಾಗಿ ತಡವಾಗಿ. ಕಾಲೇಜಿನ ಫೀಸಾದರೋ ಮೊದಲ ದಿನವೇ ಬೇಕು. ಆದ್ದರಿಂದ ವೇತನವನ್ನು ನಂಬಿ ಮೊದಲ ಕಂತಿಗೆ ಕೈ ಖಾಲಿ ಮಾಡಿಕೊಂಡಿರಬಾರದು. ಮೊದಲ ವರ್ಷದ ವೆಚ್ಚವನ್ನಾದರೂ ಬೇರೆಯಾಗಿ ತೆಗೆದಿಡಬೇಕು.

ಇನ್ನು ಸಾಲ. ಬ್ಯಾಂಕುಗಳ ಒಕ್ಕೂಟದ ಮಾದರಿ ಯೋಜನೆಯಂತೆ ಸಾಮಾನ್ಯವಾಗಿ 4 ಲಕ್ಷದವರೆಗಿನ ವಿದ್ಯಾಭ್ಯಾಸದ ಸಾಲಕ್ಕೆ ಅಡಮಾನವೂ ಬೇಡ, ಕೈಯಿಂದ ಹಾಕಬೇಕಾದ ಪಾಲೂ ಇಲ್ಲ; ತಂದೆ ಅಥವಾ ತಾಯಿ ಜೊತೆ ಸಾಲಗಾರರಾಗಿ ಸಹಿ ಹಾಕಬೇಕು. ಓದು ಮುಗಿದು ಒಂದು ವರ್ಷ ಕಳೆಯುವವರೆಗೆ ಕಂತು ಕಟ್ಟಬೇಕಿಲ್ಲ. ಇಲ್ಲಿಯೇ ಅನೇಕರು ಎಡವುವುದು. ಕಂತು ಇಲ್ಲವೆಂದರೆ ಬಡ್ಡಿ ಇಲ್ಲವೆಂದಲ್ಲ. ಅದು ಸದ್ದಿಲ್ಲದೆ ಬೆಳೆಯುತ್ತಿರುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಪ್ರತಿವರ್ಷದ ಆರಂಭದಲ್ಲಿ 1 ಲಕ್ಷದಂತೆ ನಾಲ್ಕು ವರ್ಷಕ್ಕೆ 4 ಲಕ್ಷ ಸಾಲ. ಲೆಕ್ಕಕ್ಕೆ ಸುಲಭವಾಗಲೆಂದು ಬಡ್ಡಿ ಶೇಕಡಾ 10 ಎಂದಿಟ್ಟುಕೊಳ್ಳಿ. ಐದು ವರ್ಷ ಸುಮ್ಮನಿದ್ದರೆ ಸರಳ ಬಡ್ಡಿಯೇ 1,40,000 ರೂಪಾಯಿ ಸೇರಿ ಸಾಲ 5,40,000 ಆಗುತ್ತದೆ. ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 7,140 ರೂಪಾಯಿ ಬೇಕು. ಆ ಐದು ವರ್ಷವೂ ಬಡ್ಡಿಯನ್ನು ಮಾತ್ರ ತಿಂಗಳು ತಿಂಗಳೂ ಕಟ್ಟುತ್ತ ಬಂದಿದ್ದರೆ ಆ ಕಂತು ಸುಮಾರು 5,290ಕ್ಕೆ ನಿಲ್ಲುತ್ತಿತ್ತು. ಮೊದಲ ವರ್ಷ ಆ ಬಡ್ಡಿ ತಿಂಗಳಿಗೆ 833 ರೂಪಾಯಿ. ನಾಲ್ಕನೆಯ ವರ್ಷಕ್ಕೆ 3,333 ಆಗುತ್ತದೆ. ಕಟ್ಟಬಲ್ಲ ಮನೆಯವರು ಕಟ್ಟುವುದೇ ಮೇಲು. ಹಾಗೆ ಕಟ್ಟುವವರಿಗೆ ಕೆಲವು ಬ್ಯಾಂಕುಗಳು ಬಡ್ಡಿಯ ದರದಲ್ಲಿ ರಿಯಾಯಿತಿಯನ್ನೂ ಕೊಡುತ್ತವೆ.

ಬಡ್ಡಿಗೂ ಸರ್ಕಾರದ ನೆರವುಂಟು. ವರಮಾನ ನಾಲ್ಕೂವರೆ ಲಕ್ಷದೊಳಗಿದ್ದು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತಾಂತ್ರಿಕ ಅಥವಾ ವೃತ್ತಿಶಿಕ್ಷಣ ಪಡೆಯುವವರ ಬಡ್ಡಿಯನ್ನು ಕಂತು ಆರಂಭವಾಗುವವರೆಗೆ ಕೇಂದ್ರ ಸರ್ಕಾರವೇ ತುಂಬುವ ಯೋಜನೆ 2009ರಿಂದ ಇದೆ. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ‘ಪಿ.ಎಂ. ವಿದ್ಯಾಲಕ್ಷ್ಮಿ’ ಯೋಜನೆಯಲ್ಲಿ ಪಟ್ಟಿಯಲ್ಲಿರುವ ಉತ್ತಮ ಸಂಸ್ಥೆಗಳಿಗೆ ಸೇರಿದವರಿಗೆ ಅಡಮಾನವಿಲ್ಲದೆ, ಜಾಮೀನಿಲ್ಲದೆ ಸಾಲ ದೊರೆಯುತ್ತದೆ. ಮೊದಲ ಪಟ್ಟಿಯಲ್ಲಿದ್ದ ಸಂಸ್ಥೆಗಳು 860. ಕುಟುಂಬದ ವರಮಾನ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಕಂತು ಆರಂಭವಾಗುವವರೆಗೆ ಶೇಕಡಾ 3ರಷ್ಟು ಬಡ್ಡಿ ಸಹಾಯವುಂಟು. ಆದರೆ ಅದಕ್ಕೆ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳೆಂಬ ಮಿತಿಯಿದೆ. ಆದಾಯ ತೆರಿಗೆಯ ಹಳೆಯ ಪದ್ಧತಿಯನ್ನು ಆರಿಸಿಕೊಂಡವರಿಗೆ ವಿದ್ಯಾಭ್ಯಾಸದ ಸಾಲದ ಬಡ್ಡಿಯ ಮೇಲೆ ಎಂಟು ವರ್ಷದವರೆಗೆ ವಿನಾಯಿತಿಯೂ ಸಿಗುತ್ತದೆ. ಬಳೆ ಅಡವಿಟ್ಟು ತಂದ ಹಣಕ್ಕೆ ಈ ಸೌಲಭ್ಯಗಳಲ್ಲಿ ಒಂದೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಮುಖ್ಯವಾದ ಮಾತು ಉಳಿದಿದೆ. ಅದು ಅರ್ಜಿಗೂ ಬ್ಯಾಂಕಿಗೂ ಸಂಬಂಧಿಸಿದ್ದಲ್ಲ, ನಮ್ಮ ನಡುಮನೆಗೆ ಸಂಬಂಧಿಸಿದ್ದು. ವಿದ್ಯಾಭ್ಯಾಸದ ಸಾಲದ ಪತ್ರದಲ್ಲಿ ಮೊದಲ ಸಹಿ ವಿದ್ಯಾರ್ಥಿಯದು. ವೇತನ ಬಂದು ಸೇರುವುದೂ ಅವನ ಅಥವಾ ಅವಳ ಖಾತೆಗೆ. ಇಷ್ಟು ದೊಡ್ಡ ಹೊಣೆಯನ್ನು ಹದಿನೆಂಟು ವರ್ಷದ ಮಗುವಿನ ಹೆಗಲಿಗೆ ಕಾನೂನೇ ಹೊರಿಸಿರುವಾಗ, ಮನೆಯ ಲೆಕ್ಕವನ್ನು ಆ ಮಗುವಿನಿಂದ ಮುಚ್ಚಿಡುವುದರಲ್ಲಿ ಯಾವ ಅರ್ಥವಿದೆ? ನಾವು ಮಮತೆಯಿಂದ ಮುಚ್ಚಿಡುತ್ತೇವೆ, ನಿಜ. ಆದರೆ ಮಕ್ಕಳು ತಾವಾಗಿಯೇ ಕಂಡುಕೊಂಡ ಸಾಲ, ನಾವೇ ಹೇಳಿದ ಸಾಲಕ್ಕಿಂತ ಹತ್ತುಪಾಲು ಭಾರವಾಗಿರುತ್ತದೆ. ‘ನನ್ನಿಂದಲೇ ಇವರಿಗೆ ಈ ಗತಿ ಬಂತು’ ಎಂಬ ಸಂಕಟ ಅವರ ಊಟವನ್ನೂ ಓದನ್ನೂ ಕೆಡಿಸುತ್ತದೆ.

ಆದ್ದರಿಂದ ಸೀಟು ಆರಿಸುವ ಮೊದಲೇ ಒಂದು ಭಾನುವಾರ ಸಂಜೆ, ಕಾಫಿ ಕುಡಿದಾದ ಮೇಲೆ, ಮೂವರೂ ಕುಳಿತುಕೊಳ್ಳಿ. ಒಂದು ಹಾಳೆಯಲ್ಲಿ ಪೂರ್ತಿ ಓದಿನ ವೆಚ್ಚವನ್ನು ಬರೆಯಿರಿ. ಒಂದು ವರ್ಷದ ಫೀಸನ್ನಷ್ಟೇ ಬರೆದು ನಿಲ್ಲಿಸಬೇಡಿ. ಹಾಸ್ಟೆಲು, ಊಟ, ಪುಸ್ತಕ, ಬಸ್ಸು, ಪರೀಕ್ಷಾ ಶುಲ್ಕ ಎಲ್ಲವೂ ಬರಲಿ. ಅದರ ಕೆಳಗೆ ನಿಮ್ಮಲ್ಲಿರುವುದು, ಅದರ ಕೆಳಗೆ ವಿನಾಯಿತಿ ಮತ್ತು ವೇತನದಿಂದ ಬರಬಹುದಾದದ್ದು. ಕಳೆದು ಉಳಿದದ್ದೇ ಸಾಲ. ಆ ಮೊತ್ತವನ್ನು ಮಗುವೇ ತನ್ನ ಕೈಯಿಂದ ಬರೆಯಲಿ. ಹೆಸರಾದ ಕಾಲೇಜೊಂದರ ದುಬಾರಿ ಸೀಟಿಗೂ ಮನೆಗೆ ಹತ್ತಿರದ ಸರ್ಕಾರಿ ಕಾಲೇಜಿನ ಸೀಟಿಗೂ ಇರುವ ಅಂತರ ಆಗ ಬರಿಯ ಪ್ರತಿಷ್ಠೆಯ ಮಾತಾಗಿ ಉಳಿಯದೆ ಅಂಕಿಗಳಲ್ಲಿ ಕಾಣುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಮಕ್ಕಳಿಗೆ ಹೇಳುವವರು ಮೊದಲು ಹಾಸಿಗೆ ಎಷ್ಟಿದೆಯೆಂದು ತೋರಿಸಬೇಕಲ್ಲವೇ?

ಕಾಗದ ಬರೆದ ಸಹೋದರಿಗೆ ನನ್ನ ಉತ್ತರ ಇಷ್ಟು. ವಿನಾಯಿತಿಯ ಸೀಟು ಕೈತಪ್ಪಿತು, ಅದನ್ನು ಮರೆತುಬಿಡಿ. ಆದರೆ ನಿಮ್ಮ ಮಗಳು ಇನ್ನೂ ಪ್ರಥಮ ವರ್ಷದಲ್ಲಿದ್ದಾಳೆ. ಅವಳ ಕಾಲೇಜು ತಾಂತ್ರಿಕ ಶಿಕ್ಷಣ ಮಂಡಳಿಯ ಅನುಮೋದನೆ ಪಡೆದಿದ್ದರೆ ‘ಪ್ರಗತಿ’ ವೇತನಕ್ಕೆ ನಿಮ್ಮ ವರಮಾನ ಅಡ್ಡಿಯಾಗದು. ಆಯ್ಕೆ ಅಂಕಗಳ ಅರ್ಹತೆಯ ಮೇಲೆ ನಡೆಯುವುದರಿಂದ ಸಿಕ್ಕೇ ಸಿಗುವುದೆಂದು ಭರವಸೆ ಕೊಡಲಾರೆ. ಕೊನೆಯ ದಿನಾಂಕವನ್ನು ನೋಡಿ ಅರ್ಜಿಯನ್ನಂತೂ ಹಾಕಿಸಿ. ಮುಂದಿನ ವರ್ಷಗಳ ಶುಲ್ಕಕ್ಕೆ ಬ್ಯಾಂಕಿನಲ್ಲಿ ವಿದ್ಯಾಭ್ಯಾಸದ ಸಾಲವನ್ನು ಈಗಲೂ ಕೇಳಬಹುದು. ಕಾಲೇಜು ಪಿ.ಎಂ. ವಿದ್ಯಾಲಕ್ಷ್ಮಿಯ ಪಟ್ಟಿಯಲ್ಲಿದೆಯೇ ಎಂಬುದನ್ನು ಮೊದಲು ವಿಚಾರಿಸಿ.

ಇವೆಲ್ಲಕ್ಕೂ ಮುನ್ನ, ನಾಳೆಯೇ ನಿಮ್ಮ ಯಜಮಾನರನ್ನೂ ಮಗಳನ್ನೂ ಎದುರುಬದುರು ಕೂರಿಸಿ, ಆ ಅಡವಿನ ಚೀಟಿಯನ್ನು ನಡುವೆ ಇಡಿ. ಕಂಪನಿಯ ಲೆಕ್ಕವನ್ನು ದಿನವೂ ಬರೆಯುವ ಅವರಿಗೆ ಮನೆಯ ಲೆಕ್ಕವನ್ನು ಮಗಳಿಗೆ ವಿವರಿಸುವುದು ಕಷ್ಟವಾಗದು. ಮೊದಲ ಮಾತು ಆಡುವುದೊಂದೇ ಕಷ್ಟ. ಆ ಮೊದಲ ಮಾತನ್ನು ನೀವೇ ಆಡಿಬಿಡಿ. ನಾಡಕಚೇರಿಗೆ ಹೋಗುವಾಗ ತಂದೆ ಮಗಳು ಇಬ್ಬರೂ ಜೊತೆಯಾಗಿ ಹೋಗಲಿ. ಮಧ್ಯಾಹ್ನದ ಊಟದ ಡಬ್ಬಿಯನ್ನು ನೀವೇ ಕಟ್ಟಿ ಅವಳ ಕೈಗೆ ಕೊಡಿ. ಸಂಜೆ ಅದು ಖಾಲಿಯಾಗಿ ಹಿಂದಿರುಗಿದರೆ ನನಗೊಂದು ಕಾರ್ಡು ಬರೆದು ತಿಳಿಸಿ.