ಡಬ್ಬಿಗೆ ಹಾಕುವ ಮುನ್ನ ಲೆಕ್ಕ ಕೇಳಿ!

ಕನ್ನಡದ ಯುವಕ ಯುವತಿಯರೇ,

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದು ಬಿದ್ದವು. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರೂರಿಗೂ ನುಗ್ಗಿದವು. ಎರಡು ಸಲವೂ ನೀವು ಜೇಬಿಗೆ ಕೈ ಹಾಕಿದಿರಿ. ಅದಕ್ಕೆ ಶರಣು. ಆದರೆ ಕೊಟ್ಟ ಹಣ ಮನೆ ಕಳೆದುಕೊಂಡವರ ಕೈ ಸೇರಿತೇ ಎಂದು ಕೇಳಿದವರು ಎಷ್ಟು ಮಂದಿ?

ನೆರೆ ಬಂದ ಮರುದಿನವೇ ಸಿಗ್ನಲ್‌ಗಳಲ್ಲಿ ಡಬ್ಬಿ ಹಿಡಿದವರು, ಮೊಬೈಲಿಗೆ ಕ್ಯೂಆರ್ ಕೋಡ್ ಕಳಿಸುವವರು ಹುಟ್ಟಿಕೊಳ್ಳುತ್ತಾರೆ. ಡಬ್ಬಿಗೆ ಹಳದಿ-ಕೆಂಪು ಬಾವುಟ ಸುತ್ತಿದ ಮಾತ್ರಕ್ಕೆ ಒಳಗಿನ ಲೆಕ್ಕ ಶುದ್ಧವಾಗುವುದಿಲ್ಲ! ಕನ್ನಡದ ಹೆಸರು ಹೇಳಿ ಕೈ ಚಾಚುವವರನ್ನು ಇನ್ನೂ ಗಟ್ಟಿಯಾಗಿ ಪ್ರಶ್ನಿಸಿ.

ಏನು ಕೇಳಬೇಕು? ಸಂಸ್ಥೆ ನೋಂದಣಿಯಾಗಿದೆಯೇ? ಬ್ಯಾಂಕ್ ಖಾತೆ ಸಂಸ್ಥೆಯ ಹೆಸರಿನಲ್ಲಿದೆಯೇ, ಯಾರದೋ ಸ್ವಂತ ಹೆಸರಿನಲ್ಲಿದೆಯೇ? ರಸೀದಿ ಕೊಡುತ್ತಾರೆಯೇ? ಹಿಂದಿನ ನೆರೆಯಲ್ಲಿ ಎಷ್ಟು ಹಣ ಬಂತು, ಯಾವ ಊರಿಗೆ ಹೋಯಿತು ಎಂಬುದಕ್ಕೆ ಆಡಿಟ್ ಆದ ವರದಿ ಇದೆಯೇ? ತೆರಿಗೆ ವಿನಾಯಿತಿ ಇದೆ ಎಂದರೆ ಸಾಲದು. ಅದು ಕಾಗದಪತ್ರ ಸರಿಯಿದೆ ಎಂಬ ಗುರುತು ಅಷ್ಟೇ, ಪ್ರಾಮಾಣಿಕತೆಯ ಸರ್ಟಿಫಿಕೇಟ್ ಅಲ್ಲ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ನಿಮಗೆ ಆ ವಿನಾಯಿತಿಯೂ ಸಿಗುವುದಿಲ್ಲ. ಬ್ಯಾಂಕ್ ಮೂಲಕವೇ ಕೊಡಿ.

ಎಲ್ಲವನ್ನೂ ಮೊದಲ ವಾರವೇ ಕೊಟ್ಟು ಮರೆಯಬೇಡಿ. ಟಿವಿ ಕ್ಯಾಮೆರಾ ಹೋದ ಮೇಲೂ ಗೋಡೆ ಕಟ್ಟುವ ಕೆಲಸ ಬಾಕಿ ಇರುತ್ತದೆ. ಆಗಲೂ ಅಲ್ಲೇ ನಿಂತು ದುಡಿಯುವವರಿಗೆ ಅರ್ಧ ಎತ್ತಿಡಿ.

ಲೆಕ್ಕ ಕೇಳುವುದು ಅವಮಾನವಲ್ಲ, ಕೊಟ್ಟವರ ಹಕ್ಕು. ಪ್ರಾಮಾಣಿಕರು ಪುಸ್ತಕ ತೆರೆದು ತೋರಿಸುತ್ತಾರೆ. ಕೇಳಿದ್ದಕ್ಕೇ ಸಿಡುಕುವವರಿಗೆ ಬಿಡಿಗಾಸೂ ಕೊಡಬೇಡಿ!