ವಿಜ್ಞಾನ ವಿನೋದ: ಕುರಿಗಳೆಲ್ಲ ಒಂದೇ ಅಲ್ಲ

ಸ್ವಂತ ಬುದ್ಧಿಯಿಲ್ಲದೆ ಒಬ್ಬರ ಹಿಂದೊಬ್ಬರು ಹೋಗುವವರನ್ನು ಕಂಡರೆ ‘ಕುರಿಮಂದೆ’ ಎಂದು ಜರೆಯುತ್ತೇವೆ. ಕುರಿಗಳೆಲ್ಲ ಒಂದೇ ಎಂಬುದು ನಮ್ಮ ಎಣಿಕೆ. ಇದು ಎಷ್ಟು ತಪ್ಪೆಂಬುದನ್ನು ನ್ಯೂಜಿಲೆಂಡಿನ ಒಂದು ರೋಗದ ಕಥೆ ತೋರಿಸುತ್ತದೆ.

ನಮ್ಮಲ್ಲಿ ಯುಗಾದಿ ಬರುವ ಹೊತ್ತಿಗೆ ಅಲ್ಲಿ ಬೇಸಗೆ ಕಳೆದಿರುತ್ತದೆ. ಆಗ ಉತ್ತರ ದ್ವೀಪದಲ್ಲಿ ಬೆಚ್ಚನೆಯ ಮಳೆ ಬಿದ್ದರೆ ಕುರಿ ಸಾಕುವವನಿಗೆ ಹಿಗ್ಗೂ ಉಂಟು, ದಿಗಿಲೂ ಉಂಟು. ಹುಲ್ಲೇನೋ ಚಿಗುರುತ್ತದೆ. ಆದರೆ ಕೆಲವು ವಾರಗಳಲ್ಲಿ ಕುರಿಗಳ ಮುಖ, ಕಿವಿ ಊದಿ, ಚರ್ಮ ಸುಟ್ಟಂತಾಗಿ, ಅವು ನೆರಳಿಗಾಗಿ ಪರದಾಡತೊಡಗುತ್ತವೆ. 1938ರಲ್ಲಿ ಈ ಬೇನೆ ಬಹಳ ಉಗ್ರವಾಗಿ ಹಬ್ಬಿತು. ಇದಕ್ಕೆ ‘ಫೇಷಿಯಲ್ ಎಕ್ಸಿಮಾ’, ಅಂದರೆ ಮುಖದ ಇಸುಬು ಎಂದು ಹೆಸರು. ಆದರೆ ಬೇನೆಯ ಮೂಲ ಚರ್ಮದಲ್ಲಿಲ್ಲ, ಯಕೃತ್ತಿನಲ್ಲಿದೆ.

ಹುಲ್ಲುಗಾವಲಿನ ಬುಡದಲ್ಲಿ ಸತ್ತ ಹುಲ್ಲಿನ ಮೇಲೆ ಒಂದು ಬಗೆಯ ಬೂಷ್ಟು ಬೆಳೆಯುತ್ತದೆ. ಅದರ ಬೀಜಕಣಗಳಲ್ಲಿ ಸ್ಪೋರಿಡೆಸ್ಮಿನ್ ಎಂಬ ವಿಷವಿದೆ. ವಿಜ್ಞಾನಿಗಳು ಹಲವು ವರ್ಷ ಶ್ರಮಿಸಿ 1950ರ ದಶಕದ ಕೊನೆಯಲ್ಲಿ ಇದನ್ನು ಪತ್ತೆಹಚ್ಚಿದರು. ಈ ವಿಷ ಯಕೃತ್ತಿನ ಪಿತ್ತನಾಳಗಳನ್ನು ಕೆಡಿಸಿ ಮುಚ್ಚುತ್ತದೆ. ಮೇದ ಹುಲ್ಲಿನ ಹಸಿರು ಜೀರ್ಣವಾದಾಗ ಹುಟ್ಟುವ ಒಂದು ವಸ್ತು, ಪಿತ್ತದೊಡನೆ ಹೊರಹೋಗಬೇಕಾದದ್ದು, ರಕ್ತದಲ್ಲಿಯೇ ಉಳಿಯುತ್ತದೆ. ಬಿಸಿಲು ತಗಲಿದೊಡನೆ ಅದು ಚರ್ಮವನ್ನು ಸುಡುತ್ತದೆ. ಮುಖಕ್ಕೂ ಕಿವಿಗೂ ಉಣ್ಣೆಯ ಮರೆಯಿಲ್ಲವಾದ್ದರಿಂದ ಅಲ್ಲಿಯೇ ಹುಣ್ಣು. ಮುಖ ಚೆನ್ನಾಗಿಯೇ ಇರುವ ಕುರಿಯ ಯಕೃತ್ತೂ ಒಳಗೊಳಗೇ ಕೆಟ್ಟಿರಬಹುದು. ಕೆಟ್ಟ ಮೇಲೆ ಮದ್ದಿಲ್ಲ; ಮುಂಚಿತವಾಗಿ ಸತುವಿನ ಲವಣ ಕೊಟ್ಟರೆ ರಕ್ಷಣೆಯುಂಟು.

ಆದರೆ ಅಷ್ಟೇ ವಿಷ ಎಲ್ಲ ಕುರಿಗಳಿಗೂ ಅಷ್ಟೇ ಪೆಟ್ಟು ಕೊಡುವುದಿಲ್ಲ. ಮೆರಿನೊ ತಳಿ ರಾಮ್ನಿ ತಳಿಗಿಂತ ಹೆಚ್ಚು ತಾಳಿಕೊಳ್ಳುತ್ತದೆ. ಹಾಗಾದರೆ ಎಲ್ಲರೂ ಮೆರಿನೊ ಸಾಕಿದರಾಯಿತಲ್ಲ ಎನ್ನುವಿರಿ. ನನಗೂ ಮೊದಲು ಹಾಗೆಯೇ ತೋರಿತು. ಆದರೆ ಮೆರಿನೊ ಒಣಹವೆಯ ಕುರಿ. ತೇವದ ನೆಲದಲ್ಲಿ ಅದರ ಗೊರಸು ಬೇಗ ಕೊಳೆಯುತ್ತದೆ. ವಿಷಕ್ಕೆ ಬಗ್ಗದ ಪ್ರಾಣಿ ಕೆಸರಿಗೆ ಸೋಲುತ್ತದೆ!

ಆದುದರಿಂದ ರಾಮ್ನಿಯೊಳಗೇ ಹುಡುಕಿದರು. ಒಂದೇ ಮಂದೆಯಲ್ಲಿ ವಿಷವನ್ನು ತಾಳುವ ಟಗರೂ ಉಂಟು, ತಾಳದ ಟಗರೂ ಉಂಟು. ಆ ಗುಣ ಮರಿಗಳಿಗೂ ಇಳಿಯುತ್ತದೆ ಎಂಬುದು ಗೊತ್ತಾಯಿತು. 1980ರ ದಶಕದಲ್ಲಿ, ಟಗರುಗಳಿಗೆ ಅಳತೆಯಾಗಿ ಕಿಂಚಿತ್ ವಿಷ ಕೊಟ್ಟು, ರಕ್ತ ಪರೀಕ್ಷಿಸಿ, ಯಕೃತ್ತು ಕೆಡದವನ್ನೇ ಮಂದೆಗೆ ಬಿಡುವ ಏರ್ಪಾಡು ಆರಂಭವಾಯಿತು. ಪರೀಕ್ಷೆಯಲ್ಲಿ ಕೆಲವು ಟಗರುಗಳು ನೋಯುವುದುಂಟು. ಫಲವೂ ಒಂದು ವರ್ಷದಲ್ಲಿ ಕೈಗೆ ಬರುವಂಥದಲ್ಲ. ತಲೆಮಾರಿನ ಮೇಲೆ ತಲೆಮಾರು ಕಾಯಬೇಕು. ಆದರೂ ಮುಂದೆ ಹುಟ್ಟುವ ಎಷ್ಟೋ ಮರಿಗಳ ನೋವು ಇದರಿಂದ ತಪ್ಪುತ್ತದೆ.

ಮಂದೆಯಲ್ಲಿ ಪ್ರತಿಯೊಂದು ಕುರಿಯೂ ಬೇರೆ ಎಂದು ಗುರುತಿಸಿದ್ದರಿಂದಲೇ ಮಂದೆಗೆ ಉಳಿವಿನ ದಾರಿ ಕಂಡಿತು. ಇನ್ನು ಮುಂದೆ ಯಾರನ್ನಾದರೂ ‘ಕುರಿಮಂದೆ’ ಎನ್ನುವ ಮೊದಲು ನಾನಂತೂ ಒಂದು ಸಲ ಯೋಚಿಸುತ್ತೇನೆ.